ಪದ್ದು ಎದ್ದು ನಿಂತ ವರ್ಷ

ಬೈಂದೂರಿನ ಕಡೆಯ ಆ ಹೊಳೆದಂಡೆಯಲ್ಲಿ ಪದ್ಮಾವತಿ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪದ್ದು ಎನ್ನಬೇಕು. ಅಪ್ಪಯ್ಯ ಪಾಂಡು ಬೋಟಿಗೆ ಹೋಗುವವನು. ಹೆತ್ತ ಅಬ್ಬಿ ಸೀತು ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವಳು. ಸೀತುವಿಗೆ ತವರಿನಿಂದ ಬಂದ ತುಂಡು ಗದ್ದೆಯೊಂದು ಹೊಳೆಯ ಬದಿಗಿತ್ತು. ಆ ಗದ್ದೆಯ ಆಸೆಗೇ ಪದ್ದು ಪಿಯುಸಿಯ ವೃತ್ತಿಶಿಕ್ಷಣ ವಿಭಾಗದಲ್ಲಿ ಕೃಷಿ ಓದಲು ಸೇರಿದ್ದಳು.

೨೦೦೩ರಲ್ಲಿ ಕೃಷಿ ಓದುವ ಮಕ್ಕಳಿಗೆಂದು ಬ್ರಹ್ಮಾವರದಲ್ಲಿ ನಾಯಕತ್ವ ತರಬೇತಿಯ ಶಿಬಿರ ನಡೆಯಿತು. ಮಾತಾಡುವ ಸರದಿ ಬಂದಾಗ ಪದ್ದು ಬೇರೆ ಹುಡುಗಿಯರ ಬೆನ್ನ ಹಿಂದೆ ಸರಿದಳು. ಅವಳ ಕಾಲೇಜಿನ ಮೇಷ್ಟ್ರು ಶ್ರೀಕರ ಉಪಾಧ್ಯರು ಹತ್ತಿರ ಬಂದು, "ಭಾಷಣ ಬ್ಯಾಡ. ನಿಮ್ಮ್ ಗದ್ದಿ ಕಷ್ಟ ಎದ್ದ್ ನಿಂತ್ ಹೇಳ್, ಸಾಕ್" ಎಂದರು.

ಪದ್ದು ಹೇಳಿದಳು. ಚಳಿಗಾಲಕ್ಕೆ ಹೊಳೆ ಇಳಿದ ಕೂಡಲೇ ಸಮುದ್ರದ ಉಪ್ಪುನೀರು ಮೇಲೇರುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟು ಇದೆ, ಆದರೆ ಕಿಂಡಿಗೆ ಹಲಗೆ ಹಾಕುವವರೇ ಇಲ್ಲ. ಮಳೆಗಾಲದ ನಂತರದ ಸುಗ್ಗಿ ಬೆಳೆ ಬಿಟ್ಟು ಎಷ್ಟೋ ವರ್ಷವಾಯಿತು. ಹೇಳುತ್ತಾ ಹೇಳುತ್ತಾ ಅವಳ ಗಂಟಲು ತೆರೆದುಕೊಂಡಿತು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಊರಿಗೆ ಮರಳುವಾಗ ಅವಳು ಕಾಲೇಜಿನ ಕೃಷಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿದ್ದಳು, ಪಕ್ಕದ ಕೇರಿಯ ಚಂದ್ರ ಕಾರ್ಯದರ್ಶಿ.

"ಪಂಚಾಯ್ತಿಯವ್ರಿಗೆ ಕಾದ್ರೆ ಆತಿಲ್ಲೆ. ನಾವೇ ಹಲ್ಗಿ ಹಾಕ್ವ" ಎಂದಳು ಪದ್ದು. ಹುಡುಗರು ಹಲಗೆ ಹೊತ್ತರು, ಹುಡುಗಿಯರು ಮಣ್ಣು ಹೊತ್ತರು. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಿ ಎಲ್ಲರೂ ಸೊಂಟದುದ್ದ ನೀರಲ್ಲಿ ನಿಂತು ತುಳಿದರು. ದಂಡೆಯಲ್ಲಿ ನಿಂತು ನೋಡುತ್ತಿದ್ದ ಸೂರಜ್ಜ ಪಾಳುಬಿಟ್ಟ ತನ್ನ ಗದ್ದೆಯ ಕಡೆ ತಿರುಗಿ, "ಹೆಣೆ, ಹಾಂಗಾರೆ ನಾನೂ ಬಿತ್ಲಾ?" ಎಂದು ಕೇಳಿದ.

"ಬಿತ್ತಿ ಅಜ್ಜ. ನೀರ್ ಬಪ್ಪುಕೆ ನಾವ್ ಬಿಡುದಿಲ್ಲ."

ಆ ಮಾತು ನಂಬಿ ಅವನು ಬಿತ್ತಿದ. ಅವನನ್ನು ನೋಡಿ ಮತ್ತೂ ಕೆಲವರು ಬಿತ್ತಿದರು. ಪೈರು ಹಸಿರಾಗಿ ಎದ್ದಿತು.

ಅಣೆಕಟ್ಟಿನ ಮೇಲ್ಭಾಗದಲ್ಲಿ ಶಾಮರಾಯರ ಸಿಗಡಿ ಕೆರೆ ಇತ್ತು. ಸಿಗಡಿಗೆ ಉಪ್ಪುನೀರೇ ಬೇಕು, ಹಲಗೆ ಹಾಕಿದರೆ ಅದು ಕೆರೆಗೆ ತಲುಪದು. ಒಂದು ಮುಂಜಾನೆ ಊರವರು ನೋಡುವಾಗ ಕಿಂಡಿಗಳಲ್ಲಿ ಹಲಗೆಯೇ ಇರಲಿಲ್ಲ. ಉಬ್ಬರದ ನೀರು ಗದ್ದೆಗಳ ತುಂಬ ಹೊಳೆಯುತ್ತಿತ್ತು. ವಾರದೊಳಗೆ ಪೈರಿನ ತುದಿ ಸುಟ್ಟಂತಾಗಿ ಗದ್ದೆಗೆ ಗದ್ದೆಯೇ ಒಣಗಿತು.

ಹಲಗೆ ಹೋದ ಮುಂಜಾನೆಯೇ ಚಂದ್ರ ಉಸಿರು ಕಟ್ಟಿ ಓಡಿ ಬಂದು ಹೇಳಿದ್ದ: "ನಾ ಕಂಡಿದೆ ಪದ್ದು. ಶಾಮರಾಯ್ರ ಆಳ್ಗಳೇ ಹಲ್ಗಿ ಎಳ್ದದ್ದ್. ನಾ ಹೇಳ್ತೆ, ಎಲ್ಲಿ ಬೇಕಾರೂ ಹೇಳ್ತೆ."

ಗ್ರಾಮಸಭೆಯಲ್ಲಿ ಪದ್ದು ಎದ್ದು ನಿಂತಳು, ಹಲಗೆ ಎಳೆದದ್ದು ಶಾಮರಾಯರ ಆಳುಗಳೇ ಎಂದಳು. ಮುಂದಿನ ಕುರ್ಚಿಯಲ್ಲಿದ್ದ ಶಾಮರಾಯರು ಸಿಟ್ಟಾಗಲಿಲ್ಲ. "ಮಕ್ಕಳಾಟ್ಕೆ ಹಾಕಿದ್ ಹಲ್ಗಿ ನೀರಿನ್ ಸೆಳ್ತಕ್ಕೆ ನಿಲ್ಲತ್ತಾ ಮಗಾ?" ಎಂದು ಮೆತ್ತಗೆ ಕೇಳಿದರು.

"ಚಂದ್ರ, ನೀ ಕಂಡದ್ದ್ ಹೇಳ್" ಎಂದಳು ಪದ್ದು.

ಚಂದ್ರ ಎದ್ದ. ಬಾಗಿಲಲ್ಲಿ ಅವನ ಅಣ್ಣ ಗುಡ್ಡ ನಿಂತಿದ್ದ, ಸಿಗಡಿ ಕೆರೆಯ ಕಾವಲಿಗೆ ಇದ್ದವನು. ಅವನನ್ನೊಮ್ಮೆ ನೋಡಿ ಚಂದ್ರ, "ನಾ ಎಂತದೂ ಕಾಣ್ಲಿಲ್ಲೆ" ಎಂದು ಕೂತುಬಿಟ್ಟ.

ಯಾರೂ ನಗಲಿಲ್ಲ. ನಕ್ಕಿದ್ದರೆ ಪದ್ದುವಿಗೆ ಸಿಟ್ಟಾದರೂ ಬರುತ್ತಿತ್ತು. ಹಿಂದಿನಿಂದ ಸೂರಜ್ಜನ ಸ್ವರ ಕೇಳಿತು: "ಸಣ್ ಹೆಣ್ಣಿನ್ ಮಾತ್ ಕೇಂಡ್ ಬಿತ್ತಿದೆ. ಬುದ್ಧಿ ಇಲ್ಲದ್ ನಂಗೆ."

ಮರುದಿನ ಕಾಲೇಜಿನಲ್ಲಿ ಉಪಾಧ್ಯರು ಅವಳನ್ನು ಬದಿಗೆ ಕರೆದರು. ಶಾಮರಾಯರು ಕಾಲೇಜಿನ ಸಮಿತಿಯಲ್ಲಿದ್ದರು, ಉಪಾಧ್ಯರದು ಖಾಯಂ ಅಲ್ಲದ ಕೆಲಸ. "ನಿನ್ ತಪ್ಪ್ ಅಂತ ನಾ ಹೇಳುದಿಲ್ಲ. ಆದ್ರೆ ಸಂಘ ಇಲ್ಲಿಗ್ ಸಾಕ್" ಎಂದರು.

"ಎದ್ದ್ ನಿಂತ್ ಮಾತಾಡ್ ಅಂದದ್ದ್ ನೀವೇ ಅಲ್ದಾ ಸರ್?"

ಉಪಾಧ್ಯರು ಬೋರ್ಡಿನ ಕಡೆ ತಿರುಗಿ ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದರು.

ಆಮೇಲೆ ಒಂದೊಂದೇ ಕಳಚಿತು. ಬೋಟಿನಲ್ಲೂ ಮಾತು ಹಬ್ಬಿ ಪಾಂಡು ಮಗಳನ್ನು ಸಭೆ-ಗಿಭೆಗೆ ಹೋಗದಂತೆ ತಡೆದ. ಪದ್ದು ಪರೀಕ್ಷೆ ಬರೆದಳು, ಪಾಸೂ ಆದಳು, ಮುಂದೆ ಓದಲಿಲ್ಲ. ಕೆಲವು ವರ್ಷಗಳಲ್ಲಿ ಆ ಕೃಷಿ ತರಗತಿಯೇ ಮುಚ್ಚಿಹೋಯಿತು. ಗದ್ದೆಯಲ್ಲಿ ಹುಲ್ಲೂ ಸರಿಯಾಗಿ ಬರಲಿಲ್ಲ. ಶಾಮರಾಯರನ್ನು ಕಂಡರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ, ನೋವಾಗುತ್ತಿದ್ದುದು ಸೂರಜ್ಜ ಅವಳನ್ನು ಕಂಡೊಡನೆ ದಾರಿ ಬದಲಿಸುವಾಗ. ಅದು ಅವನು ಸಾಯುವವರೆಗೂ ತಪ್ಪಲಿಲ್ಲ.

೨೦೧೦ರ ಹೊತ್ತಿಗೆ ಪದ್ದು ಕುಂದಾಪುರದ ಹತ್ತಿರ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಬೀಜ ಹುರಿಯುವ ಹೊಗೆ ಹೆಂಗಸರು ಕೂರುವ ಶೆಡ್ಡಿಗೇ ನುಗ್ಗುತ್ತಿತ್ತು. ಎಲ್ಲರಿಗೂ ಕೆಮ್ಮು. ಪಕ್ಕದಲ್ಲಿ ಕೂರುವ ಅಪ್ಪಿ ಒಂದು ದಿನ ಅವಳ ಮೊಣಕೈ ತಿವಿದಳು. "ಹೆಣೆ, ನೀ ಓದಿದವ್ಳ್. ಮ್ಯಾನೇಜರ್ರಿಗೆ ನೀ ಹೇಳ್. ನಾವೆಲ್ಲ ಹಿಂದ್ ಇರ್ತೊ."

ಪದ್ದು ತಲೆಯೆತ್ತಲಿಲ್ಲ. "ನಂಗೆ ಮಾತಾಡುಕೆ ಬತ್ತಿಲ್ಲೆ ಅಕ್ಕ" ಎಂದಳು.

ಅಪ್ಪಿಯೇ ಹೋಗಿ, ತಡವರಿಸುತ್ತಾ, ತಿಳಿದಷ್ಟು ಹೇಳಿ ಬಂದಳು. ಶನಿವಾರ ಅವಳಿಗೆ ಇನ್ನು ಬರುವುದು ಬೇಡ ಎಂದರು. ಅವಳು ಬುತ್ತಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎಲ್ಲರ ಮುಖ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಹಿಂದೆ ಇರುತ್ತೇವೆ ಎಂದವರು ಯಾರೂ ಅಲುಗಲಿಲ್ಲ. ಪದ್ದುವೂ ಏಳಲಿಲ್ಲ.

ಸೋಮವಾರ ಅಪ್ಪಿ ಕೂರುತ್ತಿದ್ದಲ್ಲಿ ಹೊಸಬಳೊಬ್ಬಳು ಬಂದು ಕೂತಳು. ತಿರುಳು ಮುರಿಯದಂತೆ ಬೀಜ ಒಡೆಯುವುದು ಹೇಗೆಂದು ಪದ್ದು ಅವಳಿಗೆ ತೋರಿಸಿಕೊಟ್ಟಳು.