ಏಣಿ ಎಳೆದವಳು

ಸೆಪ್ಟೆಂಬರ್ ಬಂತೆಂದರೆ ಸೊಲಾಂಜ್ ಮನೆಮನೆಯ ವೈನ್ ನೆಲಮಾಳಿಗೆಗೆ ಹೋಗುತ್ತಾಳೆ. ತಂತಿಯ ತುದಿಗೆ ಮೇಣದಬತ್ತಿ ಕಟ್ಟಿ, ಹಚ್ಚಿ, ನೆಲದಡಿಯ ತೊಟ್ಟಿಯೊಳಗೆ ಇಳಿಬಿಡುತ್ತಾಳೆ. ಉರಿದರೆ ಇಳಿಯಬಹುದು. ಆರಿದರೆ ಒಳಗೆ ದ್ರಾಕ್ಷಿರಸ ಹುದುಗುವಾಗ ಏಳುವ ವಿಷಗಾಳಿ ತುಂಬಿದೆ, ಇಳಿದವನ ಕಥೆ ಮುಗಿದಂತೆ. ನಾಂತ್ ಸೀಮೆಯ ಈ ಹಳ್ಳಿಯಲ್ಲಿ ಗಾಳಿ ಅಳೆಯುವ ಯಂತ್ರ ಬಂದ ಮೇಲೂ ಅವಳನ್ನೇ ಕರೆಯುತ್ತಾರೆ, ಕಾಫಿ ಕೊಟ್ಟು ಉಪಚರಿಸುತ್ತಾರೆ. ಅವಳು ಬೆನ್ನು ತಿರುಗಿಸಿದ ಕೂಡಲೇ 'ಏಣಿ ಎಳೆದವಳು' ಎನ್ನುತ್ತಾರೆ. ನಾಚಿಕೆಗೆಟ್ಟ ಜನ.

ಇಲ್ಲಿನ ಮಸ್ಕದೆ ಬಡವರ ಬಿಳಿ ವೈನ್. ಚಳಿಗಾಲವಿಡೀ ತನ್ನ ಗಸಿಯ ಮೇಲೇ ಮಲಗಿ ರುಚಿಗಟ್ಟುತ್ತದೆ, ಕಡಲ ಸಿಂಪಿಯ ಮಾಂಸದ ಜೊತೆ ಅಮೃತ. ಆದರೂ ದೊಡ್ಡ ಹೋಟೆಲಿನವರು ಮೂಗು ಮುರಿಯುತ್ತಾರೆ. ಅಗ್ಗದ ಮಾಲು ಬೇಗ ಬೇಗ ಆಗಬೇಕು, ಇಲ್ಲದಿದ್ದರೆ ಹೊಟ್ಟೆ ತುಂಬದು. ಮೂವತ್ತೊಂದು ವರ್ಷದ ಹಿಂದೆಯೂ ಹಾಗೇ ಆಯಿತು. ವ್ಯಾಪಾರಿಯ ಲಾರಿ ಒಂದು ತೊಟ್ಟಿಯ ಹಸಿ ವೈನನ್ನು ಹೀರಿಕೊಂಡು ಹೋಗಿತ್ತು. ಕೊಯ್ದ ದ್ರಾಕ್ಷಿ ಬಿಸಿಲಲ್ಲಿ ಕಾಯುತ್ತಿತ್ತು. ಪಕ್ಕದ ತೊಟ್ಟಿಯಲ್ಲಿ ಬತ್ತಿ ಉರಿದಿದ್ದೇ ಸಾಕೆಂದು ಸೊಲಾಂಜಳ ಗಂಡ ಮಾರ್ಸೆಲಿನ್ ಗಸಿ ಬಳಿಯಲು ಇಳಿದ. ಇಳಿದವನು ಅಲ್ಲೇ ಕುಸಿದ.

ಅವನ ತಮ್ಮ ಬೆನುವಾ ಓಡಿಬಂದು ಏಣಿಗೆ ಕೈ ಹಾಕಿದ. ಅವನಿಗೆ ಆಗ ಒಂದು ವರ್ಷದ ಮಗಳಿದ್ದಳು. ಸೊಲಾಂಜ್ ಏಣಿಯನ್ನು ಮೇಲೆಳೆದು ಅದರ ಮೇಲೆ ಕೂತುಬಿಟ್ಟಳು. ಅಗ್ನಿಶಾಮಕ ದಳದವರು ಬರುವಷ್ಟರಲ್ಲಿ ಮಾರ್ಸೆಲಿನ್ ಸತ್ತಿದ್ದ.

ಅಂದಿನಿಂದ ಬೆನುವಾ ಅವಳೊಂದಿಗೆ ಮಾತು ಬಿಟ್ಟ. ಒಂದೇ ಅಂಗಳ, ಒಂದೇ ತೋಟ. ಮಗಳು ಕ್ಲೊತಿಲ್ದಳಿಗೆ ಮಾತು ಬಂದ ಮೇಲೆ ಏನಿದ್ದರೂ ಅವಳ ಮೂಲಕ ಹೇಳಿಕಳಿಸುವುದು. ಗಂಡನನ್ನು ಸಾಯಲು ಬಿಟ್ಟವಳೆಂದು ಊರು ತೀರ್ಪು ಕೊಟ್ಟಿತು. ಅಲ್ಲಿದ್ದವನು ಬೆನುವಾ ಒಬ್ಬನೇ. ಅವನು ಬಾಯಿ ಬಿಟ್ಟರೆ ಊರಿನ ಬಾಯಿ ಮುಚ್ಚುತ್ತಿತ್ತು. ಆ ಒಂದು ಮಾತಿಗಾಗಿ ಸೊಲಾಂಜ್ ಕಾದಳು, ಕಾಯುತ್ತಲೇ ಮುದುಕಿಯಾದಳು.

ಈ ವಸಂತದಲ್ಲಿ ಬೆನುವಾನ ಶ್ವಾಸಕೋಶ ಕೈಕೊಟ್ಟಿತು. ಒಂದು ಮಧ್ಯಾಹ್ನ ಕ್ಲೊತಿಲ್ದ್ ಬಂದು ಅಪ್ಪ ಕರೆಯುತ್ತಿದ್ದಾರೆ ಎಂದಳು. ಸೊಲಾಂಜ್ ಹೊಸ ವೈನಿನ ಒಂದು ಬಾಟಲಿ ಹಿಡಿದು ಹೋದಳು. ಕ್ಲೊತಿಲ್ದ್ ಅಡುಗೆಮನೆಗೆ ಸರಿದಳು.

"ಅತ್ತಿಗೆ, ಅವತ್ತು ಅಣ್ಣನ ಕೈ ಇನ್ನೂ ಅಲ್ಲಾಡ್ತಿತ್ತು. ನೀನೂ ನೋಡ್ದೆ ಅಲ್ವಾ?"

"ನೋಡ್ದೆ."

ಬೆನುವಾ ಮೊಣಕೈ ಊರಿ ಸ್ವಲ್ಪ ಮೇಲೆದ್ದ.

"ನಾನು ಎತ್ತಿನ ಹಾಗಿದ್ದೆ. ನೀನೆಲ್ಲಿ ನನ್ನ ಕೈಯಿಂದ ಏಣಿ ಕಿತ್ಕೊಳ್ತೀಯ? ನಾನೇ ಬಿಟ್ಟುಬಿಟ್ಟೆ. ಹೆದರಿಕೆ ಆಯ್ತು."

"ಗೊತ್ತು."

"ಗೊತ್ತಿದ್ದೂ ಯಾರಿಗೂ ಹೇಳ್ಲಿಲ್ವಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಮಗಳು ಒಳಗೇ ಇದಾಳೆ. ಅವಳಿಗಾದ್ರೂ ಹೇಳು."

ಅವನು ತಲೆಯಾಡಿಸಿ ಮಗಳನ್ನು ಕೂಗಿದ. ಕ್ಲೊತಿಲ್ದ್ ಬಂದು ನಿಂತಳು. ಬೆನುವಾ ಮಗಳ ಮುಖವನ್ನೇ ನೋಡಿದ, ಬಾಯಿ ತೆರೆದ, ಒಂದು ಗ್ಲಾಸ್ ತರಲು ಹೇಳಿದ. ಎರಡು ಗುಟುಕು ಕುಡಿದು, ಈ ಸಲ ವೈನ್ ಚೆನ್ನಾಗಿ ಬಂದಿದೆ ಎಂದ. ಮೂರನೆಯ ದಿನ ತೀರಿಕೊಂಡ.

ಸಮಾಧಿಯ ಬಳಿ ಸೊಲಾಂಜ್ ಎಲ್ಲರಿಂದ ದೂರ ನಿಂತಿದ್ದಳು. ಆ ಅಜ್ಜಿ ಯಾರೆಂದು ಕ್ಲೊತಿಲ್ದಳ ಗಂಡನ ಕಡೆಯ ಹೆಂಗಸೊಬ್ಬಳು ಕೇಳಿದ್ದು ಅವಳ ಕಿವಿಗೂ ಬಿತ್ತು.

"ನಮ್ಮ ದೊಡ್ಡಮ್ಮ," ಎಂದಳು ಕ್ಲೊತಿಲ್ದ್. ಆಮೇಲೆ ದನಿ ತಗ್ಗಿಸಿದಳು. "ಹೇಳಿದ್ನಲ್ಲ, ಏಣಿ ಎಳೆದವಳು."