ಮಾವಶಿಯ ಮೈಮೇಲಿನ ನಂಬರು

೧೯೯೪ರಲ್ಲಿ ನಾನು ಮಿರಜಿನ ಲೋಕೋ ಶೆಡ್ಡಿನಲ್ಲಿ ಫೋರ್‌ಮನ್ ಆಗಿದ್ದೆ. ಎಂಜಿನ್ನಿಗೆ ಕಲ್ಲಿದ್ದಲು ತುಂಬುವುದು, ನೀರು ಹಿಡಿಸುವುದು, ಕೆಟ್ಟದ್ದನ್ನು ಸರಿಮಾಡುವುದು, ಎಲ್ಲ ಆಗುವ ಜಾಗಕ್ಕೆ ಲೋಕೋ ಶೆಡ್ ಅನ್ನುತ್ತೇವೆ. ಅಲ್ಲಿ ಆಗುವ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಫೋರ್‌ಮನ್ನನೇ ಹೊಣೆ. ನಾನು ಆ ಹುದ್ದೆಗೆ ಬಂದಾಗ ಆಗುವ ಒಳ್ಳೆಯದೇನೂ ಉಳಿದಿರಲಿಲ್ಲ. ಮಿರಜಿನಲ್ಲಿ ಆಗ ಮೂರು ಅಳತೆಯ ಹಳಿಗಳಿದ್ದವು: ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್. ನಮ್ಮದು ಮೀಟರ್ ಗೇಜಿನ ಉಗಿ ಎಂಜಿನ್ನುಗಳ ಶೆಡ್. ಆ ಹಳಿಯನ್ನು ಕಿತ್ತು ಬ್ರಾಡ್ ಗೇಜ್ ಹಾಕುವ ಕೆಲಸ ಸುರುವಾಗಿತ್ತು. ನಮ್ಮವರಿಗೆ ವಾರಕ್ಕಿಬ್ಬರಂತೆ ವರ್ಗದ ಆರ್ಡರ್ ಬರುತ್ತಿತ್ತು.

ಹೊರಗೆ ಊರು ಬೆಳೆಯುತ್ತಿತ್ತು. ಸಾಂಗಲಿ-ಮಿರಜ ರಸ್ತೆಯ ಎರಡೂ ಬದಿಗೆ ಶೋರೂಮು, ದವಾಖಾನೆ, ಎಸ್‌ಟಿಡಿ ಬೂತು ಎದ್ದಿದ್ದವು. ನಾನು ಸಲಗರೆಯಿಂದ ಸೈಕಲ್ ಮೇಲೆ ಬಂದು ಸಾಲಿ ಕಲಿತವನು. ಅದೇ ರಸ್ತೆ ದಾಟಲು ಈಗ ಐದು ನಿಮಿಷ ಕಾಯಬೇಕಾಗಿತ್ತು. ಎಲ್ಲರಿಗೂ ಅವಸರ. ಶೆಡ್ಡಿನೊಳಗೆ ಬಂದರೆ ಮಾತ್ರ ಯಾರಿಗೂ ಅವಸರವಿಲ್ಲ, ಯಾಕಂದರೆ ಕೆಲಸವೇ ಇಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆ ವರ್ಷ ಅದು ಮೂಗು ಬಿಟ್ಟು ಇಳಿಯಲೇ ಇಲ್ಲ.

ಉಸುಕಿನ ಕೋಣೆಯ ಹಿಂದಿನ ಲೈನಿನಲ್ಲಿ ಒಂದು ಸಣ್ಣ ಎಂಜಿನ್ ನಿಂತಿತ್ತು. ಹಳೇ ರೈಲ್ವೆ ಕಂಪನಿ ಕಾಲದಲ್ಲಿ ಇಂಗ್ಲಂಡಿನಲ್ಲಿ ಕಟ್ಟಿ ಹಡಗಿನಲ್ಲಿ ತಂದದ್ದು. ಯಾರ್ಡಿನಲ್ಲಿ ಡಬ್ಬಿಗಳನ್ನು ಆ ಲೈನಿನಿಂದ ಈ ಲೈನಿಗೆ ಎಳೆದು ಜೋಡಿಸುವುದು, ಅಂದರೆ ಶಂಟಿಂಗ್, ಅದರ ಕೆಲಸ. ಊರು ಬಿಟ್ಟು ಹೋದದ್ದೇ ಇಲ್ಲ. ಮಂದಿಯ ಮಕ್ಕಳನ್ನು ಎತ್ತಿ ಆಡಿಸಿ ಅವರವರ ಮನೆಗೆ ಕಳಿಸುವವಳು ಅಂತ ನಮ್ಮವರು ಅದಕ್ಕೆ ‘ಮಾವಶಿ’, ಅಂದರೆ ಚಿಕ್ಕವ್ವ, ಅಂತ ಹೆಸರಿಟ್ಟಿದ್ದರು. ಅದೇ ನಮೂನೆಯ, ಅಂದರೆ ಆ ವರ್ಗದ, ಏಳು ಎಂಜಿನ್ ಕಟ್ಟಿದ್ದರಂತೆ, ಉಳಿದ ಆರು ಎಂದೋ ಮೋಡಕಾ, ಅಂದರೆ ಗುಜರಿ, ಸೇರಿದ್ದವು. ಮಾವಶಿಯೂ ಕಂಡೆಮ್ ಆಗಿದ್ದಳು. ಕಂಡೆಮ್ ಅಂದರೆ ಇನ್ನು ಕೆಲಸಕ್ಕಿಲ್ಲ, ಹರಾಜಿಗೆ ಇಡಬಹುದು ಅಂತ ಕಾಗದದ ಮೇಲೆ ಬರೆದ ತೀರ್ಪು.

ಆ ತೀರ್ಪನ್ನು ಒಪ್ಪದವರು ಒಬ್ಬರೇ, ಫಿಟ್ಟರ್ ಭೂಪಾಲ ಮಿಸ್ತ್ರಿ. ಮ್ಹೈಸಾಳದ ಜೈನರ ಮನೆತನ. ಅವರಪ್ಪನೂ ಇದೇ ಶೆಡ್ಡಿನಲ್ಲಿ ಇದೇ ಎಂಜಿನ್ನಿಗೆ ಫಿಟ್ಟರ್. ಭೂಪಾಲ ಮಿಸ್ತ್ರಿಯವರ ಮೂವತ್ತು ವರ್ಷದ ನೌಕರಿ ಅದರ ಹೊಟ್ಟೆಯ ಕೆಳಗೇ ಕಳೆದಿತ್ತು. ಕಂಡೆಮ್ ಆದಮೇಲೂ ಪ್ರತಿ ಶನಿವಾರ ಅದಕ್ಕೆ ಎಣ್ಣೆ ಬಿಡುತ್ತಿದ್ದರು. ಯಾಕೆ ಅಂತ ನಾನು ಕೇಳಿದರೆ, “ಬರೇ ನಿಂತ್ರ ಕೈಕಾಲು ಹಿಡಿತಾವ್ರಿ ಸಾಹೇಬ್ರ, ನಮಗೂ ಹಿಡಿಯೂದಿಲ್ಲೇನ್ರಿ?” ಅನ್ನುತ್ತಿದ್ದರು. ಅವರ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು.

ಹಿಂದೊಮ್ಮೆ ಶೆಡ್ಡಿನ ಫೋಟೋ ತೆಗೆಯಲು ಬಂದಿದ್ದ ಇಂಗ್ಲಂಡಿನವನೊಬ್ಬ ತಮ್ಮ ಸಂಘದ ಪತ್ರಿಕೆಯನ್ನು ನನಗೆ ಆಗಾಗ ಕಳಿಸುತ್ತಿದ್ದ. ಹಳೆಯ ಎಂಜಿನ್ನುಗಳ ಹುಚ್ಚಿದ್ದವರ ಸಂಘ ಅದು. ಆ ಸಲದ ಸಂಚಿಕೆಯಲ್ಲಿ ಒಂದು ಪ್ರಶ್ನೆಗೆ ಸದಸ್ಯರು ಕೊಟ್ಟ ಉತ್ತರಗಳ ಪಟ್ಟಿ ಇತ್ತು. ಪ್ರಶ್ನೆ ಇದು: ನಮ್ಮ ದೇಶದಲ್ಲಿ ಕಟ್ಟಿದ, ಒಂದೂ ಉಳಿಯದೆ ಅಳಿದುಹೋದ ಉಗಿ ಎಂಜಿನ್ ವರ್ಗಗಳಲ್ಲಿ ನಿಮಗೆ ಅತ್ಯಂತ ಪ್ರೀತಿಯದು ಯಾವುದು? ಒಬ್ಬೊಬ್ಬರು ಮೂರು ಹೆಸರು ಬರೆಯಬೇಕು. ನೋಡುತ್ತೇನೆ, ಪಟ್ಟಿಯ ಮೊದಲಿಗೇ ನಮ್ಮ ಮಾವಶಿಯ ವರ್ಗ! ಯಾರೋ ಒಬ್ಬರು ಅದನ್ನು ಕಣ್ಣಾರೆ ನೋಡಲಿಲ್ಲವಲ್ಲ ಅಂತ ಅರ್ಧ ಪುಟ ಗೋಳಾಡಿದ್ದರು. ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಭೂಪಾಲ ಮಿಸ್ತ್ರಿಯವರನ್ನು ಕರೆದು ಅರ್ಥ ಹೇಳಿದೆ.

“ಜೀವಂತ ಇರೂ ಹೆಣ್ಮಗಳ ತಿಥಿ ಮಾಡಿ ಮುಗಿಸ್ಯಾರ ಅನ್ರಿ!” ಅಂದರು ಅವರು. “ಬರೀರಿ ಸಾಹೇಬ್ರ. ಇನ್ನೂ ಬದುಕ್ಯಾಳ, ಮಿರಜದಾಗ ಅದಾಳ ಅಂತ ಬರೀರಿ.”

ಬರೆದೆ. ಒಂದೂವರೆ ತಿಂಗಳಿಗೆ ಉತ್ತರ ಬಂತು. ಸಂಘದವರು ಒಂದು ಎಂಜಿನ್ನನ್ನು ಕೊಂಡು ತಮ್ಮ ದೇಶಕ್ಕೆ ಒಯ್ಯಲು ನಿಧಿ ಕೂಡಿಸುತ್ತಿದ್ದರು. ನಮ್ಮ ದೇಶದಲ್ಲೇ ಉತ್ತರದ ಕಡೆ ಯಾವುದೋ ಕಾರಖಾನೆಯಲ್ಲಿ ಇನ್ನೊಂದು ವರ್ಗದ ಎಂಜಿನ್ ಸಿಕ್ಕಿತ್ತು. ಎರಡನ್ನೂ ನೋಡಿ ಒಂದನ್ನು ಆರಿಸುತ್ತೇವೆ ಅಂದರು. ನಮ್ಮ ಮುಖ್ಯ ಕಚೇರಿ ಒಪ್ಪಿತು, ಜೊತೆಗೆ ಒಂದು ಸಾಲು ಸೇರಿಸಿತು: ಆಯ್ಕೆಯಾಗದಿದ್ದರೆ ಮುಂದಿನ ಹರಾಜಿನಲ್ಲಿ ವಿಲೇವಾರಿ ಮಾಡತಕ್ಕದ್ದು. ಅಂದರೆ ಒಂದೋ ಹಡಗು, ಇಲ್ಲವೋ ಗ್ಯಾಸ್ ಕಟರ್. ಭೂಪಾಲ ಮಿಸ್ತ್ರಿ ಹಡಗಿನ ಮಾತನ್ನಷ್ಟೇ ಮ್ಹೈಸಾಳಕ್ಕೆ ಒಯ್ದರು. ಅವರ ಓಣಿಯವರೆಲ್ಲ ಮಾವಶಿ ಯಾವಾಗ ವಿಲಾಯತಿಗೆ ಹೋಗುತ್ತಾಳೆ ಅಂತ ಕೇಳುತ್ತಿದ್ದರಂತೆ.

ನೋಡುವವರು ಬರಲು ಹದಿನೈದು ದಿನ ಇದ್ದಾಗ ನಾನು ನನ್ನ ಶಾಣ್ಯಾತನ ಸುರು ಮಾಡಿದೆ. ಸೋರುತ್ತಿದ್ದ ನೀರಿನ ಟಾಕಿಗೆ ಹೊಸ ತಗಡು ಬೆಸೆಸಿದೆ. ಬಿರುಕು ಬಿಟ್ಟ ಹೊಗೆಯ ಚಿಮಣಿ ತೆಗೆಸಿ ಇನ್ನೊಂದು ಎಂಜಿನ್ನಿನ ಚಿಮಣಿ ಕೂರಿಸಿದೆ. ನಮ್ಮಲ್ಲಿ ಅದರ ಸಾಮಾನು ಇದಕ್ಕೆ, ಇದರದು ಅದಕ್ಕೆ ಹಾಕಿಯೇ ಎಂಜಿನ್ ಓಡಿಸುತ್ತಿದ್ದೆವು, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೊನೆಗೆ ಕನೆಕ್ಟಿಂಗ್ ರಾಡು, ಅಂದರೆ ಗಾಲಿಗಳನ್ನು ತಿರುಗಿಸುವ ಉಕ್ಕಿನ ತೋಳುಗಳು, ಬೆಳ್ಳಿಯ ಹಾಗೆ ಹೊಳೆಯಬೇಕು ಅಂದೆ. ಆಗ ಭೂಪಾಲ ಮಿಸ್ತ್ರಿ ಕೈ ತಡೆದರು.

“ಅದರ ಮ್ಯಾಲ ಕಂಪನಿಯವರು ಕೆತ್ತಿದ ನಂಬರ್ ಅದಾವ್ರಿ. ಅರದಿಂದ ತಿಕ್ಕಿದ್ರ ಹೋಗ್ತಾವ.”

“ನಂಬರ್ ತಗೊಂಡು ಏನ್ ಪೂಜಾ ಮಾಡ್ತೀರೇನು ಮಿಸ್ತ್ರಿ? ನಂಬರಿನ ಫಲಕ ಮ್ಯಾಲ ಐತೆಲ್ಲ. ಕನ್ಯಾ ನೋಡಾಕ ಮಂದಿ ಬರೂ ಮುಂದ ಮಾರಿ ತೊಳಿಯೂದಿಲ್ಲೇನು? ತಿಕ್ರಿ!”

ಅಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕು ಉಕ್ಕು ತಿಕ್ಕುವ ಅರ ಕೈಗೆ ತಗೊಂಡರು. ಎರಡು ದಿನ ತಿಕ್ಕಿದರು, ಕೈಯಲ್ಲಿ ಗುಳ್ಳೆ ಎದ್ದಿತ್ತು. ಹಸಿರು ಬಣ್ಣ ಬಳಿದು, ಹಿತ್ತಾಳಿ ತೊಳೆದು ನಿಲ್ಲಿಸಿದಾಗ ಮಾವಶಿ ನಿನ್ನೆ ಮೊನ್ನೆ ಕಾರಖಾನೆಯಿಂದ ಬಂದವಳಂತೆ ಕಂಡಳು. ನನಗೂ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಬಂದವರು ಇಬ್ಬರು, ಜೊತೆಗೆ ಮುಖ್ಯ ಕಚೇರಿಯ ಅಧಿಕಾರಿ. ಇಬ್ಬರಲ್ಲಿ ಹಿರಿಯ ಗಣಿತದ ಮಾಸ್ತರನಾಗಿ ನಿವೃತ್ತನಾದವನು, ಕೋಲು ಹಿಡಿದು ನಡೆಯುತ್ತಿದ್ದ. ಮಾವಶಿಯನ್ನು ದೂರದಿಂದ ನೋಡಿದ್ದೇ ಟೊಪ್ಪಿಗೆ ತೆಗೆದ. ಹತ್ತಿರ ಬಂದಂತೆ ಅವನ ಮುಖ ಸಣ್ಣದಾಗುತ್ತ ಹೋಯಿತು. ಟಾಕಿಯನ್ನು ಬೆರಳಿನಿಂದ ಬಾರಿಸಿದ, ಚಿಮಣಿ ನೋಡಿದ. ಆಮೇಲೆ ಪೇಪರ್ ಹಾಸಿಕೊಂಡು ಆ ವಯಸ್ಸಿನಲ್ಲಿ ನೆಲಕ್ಕೆ ಕೂತು, ಬ್ಯಾಟರಿ ಹಿಡಿದು ರಾಡಿನ ಉದ್ದಕ್ಕೂ ಹುಡುಕಿದ.

“ನಂಬರು ಎಲ್ಲಿ?” ಅಂತ ಇಂಗ್ಲಿಷಿನಲ್ಲಿ ಕೇಳಿದ.

ಸ್ವಚ್ಛ ಮಾಡಿಸಿದೆವು ಅಂದೆ. ಅವನು ಸಮಾಧಾನದಿಂದಲೇ ತಿಳಿಸಿ ಹೇಳಿದ. ಫಲಕವನ್ನು ಬಿಚ್ಚಿ ಯಾವ ಎಂಜಿನ್ನಿಗೆ ಬೇಕಾದರೂ ಹಚ್ಚಬಹುದು, ಒಮ್ಮೆ ಬೇರೆ ಕಡೆ ಅವರು ಹಾಗೆ ಮೋಸ ಹೋಗಿದ್ದರು. ಮೈಯಲ್ಲಿ ಕೆತ್ತಿದ ನಂಬರೇ ಸಾಕ್ಷಿ. ಅದಿಲ್ಲದೆ ಇದು ಅದೇ ವರ್ಗದ ಎಂಜಿನ್ ಅಂತ ದುಡ್ಡು ಕೊಟ್ಟ ಸದಸ್ಯರಿಗೆ ಹೇಗೆ ಹೇಳುವುದು? ಕೊನೆಗೆ ಕೇಳಿದ: “ಬೇರೆ ಎಲ್ಲಾದರೂ ಉಳಿದಿದೆಯೇ? ಗೊತ್ತಿರುವ ಹಳೆಯ ಕೆಲಸಗಾರರು ಯಾರಾದರೂ ಇದ್ದಾರೆಯೇ?”

ಭೂಪಾಲ ಮಿಸ್ತ್ರಿ ನಾಲ್ಕು ಮಾರು ದೂರದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಇಂಗ್ಲಿಷ್ ತಿಳಿಯದು, ಕೆಲಸ ಮೆಚ್ಚಿದ್ದಾರೋ ಇಲ್ಲವೋ ಅಂತ ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ಅವರನ್ನು ಕರೆದಿದ್ದರೆ, ತಿಕ್ಕಬೇಡಿರಿ ಅಂತ ಅವರು ಮೊದಲೇ ಹೇಳಿದ್ದು ಅಧಿಕಾರಿಯ ಮುಂದೆ ಹೊರಗೆ ಬರುತ್ತಿತ್ತು. ಫೋರ್‌ಮನ್ನನ ಮಾನ ಹೋಗುತ್ತಿತ್ತು. ನಾನು ಅಂದೆ: “ಇಲ್ಲ. ಯಾರೂ ಇಲ್ಲ.”

ಅವರು ಜೀಪು ಹತ್ತಿದ ಮೇಲೆ ಭೂಪಾಲ ಮಿಸ್ತ್ರಿ ಬಂದರು. “ಏನಂದರ್ರಿ?”

“ಕೆಲಸ ಚಲೋ ಆಗೈತಿ ಅಂದ್ರು. ಕಾಗದಾ ಬರೀತಾರಂತ.”

ಒಂದು ಸುಳ್ಳಿಗೆ ಇನ್ನೊಂದು ತಂಗಿಯಾಗಿ ಹುಟ್ಟಿತು. ಎರಡನೆಯದನ್ನು ದಯೆಯಿಂದ ಹೇಳಿದೆ ಅಂತ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ತನ್ನ ಕೈಯಿಂದಲೇ ಕೆಟ್ಟಿತು ಅಂತ ತಿಳಿದರೆ ಮುದುಕರು ಎದೆ ಒಡೆದುಕೊಳ್ಳುತ್ತಾರೆ, ನಿವೃತ್ತಿಯಾಗಿ ಹೋಗಲಿ, ಆಮೇಲೆ ನೋಡೋಣ ಅಂದುಕೊಂಡೆ.

ಕಾಗದ ಮೂರು ವಾರಕ್ಕೆ ಬಂತು. ಕಾರಖಾನೆಯ ಎಂಜಿನ್ನನ್ನು ಆರಿಸಿದ್ದರು. ಅದು ತುಕ್ಕು ಹಿಡಿದು, ಗಿಡ ಬೆಳೆದು ನಿಂತಿತ್ತಂತೆ, ಆದರೆ ಯಾರೂ ಮುಟ್ಟಿರಲಿಲ್ಲ. ಮಿರಜಿನದರ ಗುರುತು ಸಾಬೀತಾಗದ್ದಕ್ಕೆ ವಿಷಾದ ಬರೆದಿದ್ದರು. ತಿಂಗಳೊಪ್ಪತ್ತಿನಲ್ಲಿ ಹೊಸ ಪುರಾವೆ ಏನಾದರೂ ಸಿಕ್ಕರೆ ತಿಳಿಸಿ, ಮತ್ತೆ ವಿಚಾರ ಮಾಡುತ್ತೇವೆ ಅಂತಲೂ ಕೆಳಗೆ ಒಂದು ಸಾಲಿತ್ತು. ನಾನು ಕಾಗದವನ್ನು ಡ್ರಾವರಿನಲ್ಲಿ ಹಾಕಿ ಕೀಲಿ ಜಡಿದೆ.

ಭೂಪಾಲ ಮಿಸ್ತ್ರಿ ದಿನಾ ಮುಂಜಾನೆ ಹಾಜರಿ ಹಾಕಿ ನನ್ನ ಬಾಗಿಲಿಗೆ ಬರುತ್ತಿದ್ದರು. “ಕಾಗದಾ ಬಂತೇನ್ರಿ?” “ಇನ್ನೂ ಇಲ್ರಿ.” ಒಂದು ದಿನ, “ಹಡಗಿನಾಗ ಹಾಕೂ ಮುಂದ ಗಾಲಿಗೆ ಎಣ್ಣಿ ಬಿಡ್ಬೇಕಂತ ಅವರಿಗೆ ಬರೀರಿ, ಉಪ್ಪುಗಾಳಿ ಕೆಟ್ಟ ಇರ್ತೈತಿ” ಅಂದರು. ಆಗಲಿ ಅಂದೆ. ಹಾಗೆ ಎರಡು ತಿಂಗಳು ಹೋದವು. ನಡುವೆ ಹರಾಜಾಯಿತು. ಸರಕು ಬಿಟ್ಟುಕೊಡುವ ಆರ್ಡರಿಗೆ ಸಹಿ ಮಾಡಿದವನು ನಾನೇ.

ಮೋಡಕಾದವರು ಬಂದದ್ದು ಒಂದು ಸೋಮವಾರ ಮುಂಜಾನೆ. ನನ್ನ ಲೆಕ್ಕದಲ್ಲಿ ಅವರು ಮುಂದಿನ ತಿಂಗಳು, ಮಿಸ್ತ್ರಿ ನಿವೃತ್ತರಾದ ಮೇಲೆ ಬರಬೇಕಾಗಿತ್ತು. ನಾನು ಹೋಗುವಷ್ಟರಲ್ಲಿ ಚಾಲಕ ನಿಲ್ಲುವ ಗೂಡನ್ನು ಕತ್ತರಿಸಿ ಕೆಳಗಿಟ್ಟು, ಬಾಯ್ಲರಿಗೆ ಕೈ ಹಚ್ಚಿದ್ದರು. ಭೂಪಾಲ ಮಿಸ್ತ್ರಿ ಗ್ಯಾಸ್ ಕಟರಿನವನ ಮುಂದೆ ಕೈ ಅಡ್ಡ ಮಾಡಿ ನಿಂತಿದ್ದರು. “ಥಾಂಬಾ, ಥಾಂಬಾ,” ನಿಲ್ಲಿಸಿ ಅಂತ ಮರಾಠಿಯಲ್ಲಿ ಅವನಿಗೆ ಅನ್ನುತ್ತ, ನನ್ನನ್ನು ಕಂಡದ್ದೇ ಕನ್ನಡಕ್ಕೆ ಬಂದರು: “ಸಾಹೇಬ್ರ, ಇವರು ತಪ್ಪು ಎಂಜಿನ್ನಿಗೆ ಕೈ ಹಚ್ಚ್ಯಾರ್ರಿ! ಹೇಳ್ರಿ ಇವರಿಗೆ!”

ಇನ್ನು ಮುಚ್ಚಿಡುವುದು ಏನಿತ್ತು? ಆಫೀಸಿಗೆ ಕರೆದೊಯ್ದು ಕಾಗದ ತೆಗೆದು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಅವರು ಅಳುತ್ತಾರೆ ಅಂತ ಹೆದರಿದ್ದೆ. ಅಳಲಿಲ್ಲ.

“ನಂಬರ್ ಸಲುವಾಗಿ ಬ್ಯಾಡ ಅಂದ್ರೇನ್ರಿ?”

“ಹೂಂ.”

“ಬರ್ರಿ ನನ್ನ ಕೂಡ.”

ಘಾಸಲೇಟಿನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಅದ್ದಿದ ಅರಿವೆ ಹಿಡಿದು ಅವರು ಅರ್ಧ ಕತ್ತರಿಸಿದ ಎಂಜಿನ್ನಿನ ಕೆಳಗೆ ತೆವಳಿದರು. ನಾನೂ ಹಿಂದೆ ತೆವಳಿದೆ. ಎಂಜಿನ್ನಿನ ಎಲುಬು ಅಂದರೆ ಅದರ ಚೌಕಟ್ಟಿನ ದಪ್ಪ ಹಲಗೆ. ಗಾಲಿಯ ಅಚ್ಚಿನ ಹಿಂದೆ, ಆ ಹಲಗೆಯ ಒಳಮೈಯಲ್ಲಿ ಅವರು ಒರೆಸಿದರು. ಕಪ್ಪು ಜಿಡ್ಡು ಹೋಗಿ ನಾಲ್ಕು ಅಂಕಿ, ಪಕ್ಕಕ್ಕೆ ಇಂಗ್ಲಂಡಿನಲ್ಲಿ ಅದನ್ನು ಕಟ್ಟಿದ ಕಾರಖಾನೆಯ ಗುರುತು ಸ್ಪಷ್ಟ ಎದ್ದವು. ಇನ್ನೊಂದು ಕಡೆಯೂ ಒರೆಸಿದರು. ಅಲ್ಲಿಯೂ ಅವೇ ಅಂಕಿಗಳು. ಚೌಕಟ್ಟನ್ನು ಯಾರೂ ಅದಲುಬದಲು ಮಾಡುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

“ನಾ ನೌಕರಿಗೆ ಬಂದ ದಿನಾ ನಮ್ಮಪ್ಪ ತೋರ್ಸಿದ್ರಿ ಇದನ್ನ,” ಅಂದರು.

ನಾನು ಕೆಲಸ ನಿಲ್ಲಿಸಿ ಸ್ಟೇಶನ್ ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ಮುಖ್ಯ ಕಚೇರಿಯ ಅಧಿಕಾರಿ ಸಿಕ್ಕ. ಆ ಇನ್ನೊಂದು ಎಂಜಿನ್ ಹೋದ ವಾರವೇ ಬಂದರಿಗೆ ಹೋಗಿದೆ, ಸಂಘದ ನಿಧಿ ಅಲ್ಲಿಗೇ ಮುಗಿದಿದೆ, ಅರ್ಧ ಕತ್ತರಿಸಿದ್ದನ್ನು ಇಟ್ಟುಕೊಂಡು ನೀವೇನು ಮಾಡುತ್ತೀರಿ ಅಂತ ಕೇಳಿದ. ಒಂದು ತಿಂಗಳು ಮೊದಲು ಹೇಳಿದ್ದರೆ ಮಾತು ಬೇರೆ ಇತ್ತು ಅಂತಲೂ ಅಂದ. ನಾನು ತಿರುಗಿ ಬಂದು ಮೋಡಕಾದವರಿಗೆ ಕೈ ಸನ್ನೆ ಮಾಡಿದೆ. ಅವರು ಮತ್ತೆ ಕಟರಿಗೆ ಬೆಂಕಿ ಹಚ್ಚಿದರು.

ಭೂಪಾಲ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಬಂದು ನಿಂತರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

“ಅವತ್ತ ನಾ ಅಲ್ಲೇ ನಿಂತಿದ್ನೆಲ್ರಿ ಸಾಹೇಬ್ರ. ಒಂದ್ ಮಾತ ಕೇಳ್ಬೇಕಿಲ್ಲೇನ್ರಿ?”

ತಿಂಗಳ ಕೊನೆಗೆ ಅವರ ಬೀಳ್ಕೊಡುಗೆಯಾಯಿತು. ಹಾರ ಹಾಕಿಸಿಕೊಂಡು, ಎಲ್ಲರಿಗೂ ಕೈ ಮುಗಿದು, ನನಗೂ ಮುಗಿದು ಮ್ಹೈಸಾಳದ ಬಸ್ಸು ಹತ್ತಿದರು. ಆಮೇಲೆ ಎರಡು ಸಲ ಮಿರಜ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರು. ಆರಾಮ ಏನ್ರಿ ಅಂತ ಕೇಳಿದರು, ಮಳಿ-ಬೆಳಿ ಮಾತಾಡಿದರು. ಶೆಡ್ಡಿನ ಮಾತು ಎತ್ತಲೇ ಇಲ್ಲ.

ಮುಂದೆ ಡೀಸೆಲ್ ಶೆಡ್ಡಿನಲ್ಲಿ ನಾನು ಇನ್ನೂ ಒಂಬತ್ತು ವರ್ಷ ನೌಕರಿ ಮಾಡಿದೆ. ಯಾವ ಕಾಗದಕ್ಕೆ ಸಹಿ ಹಾಕುವ ಮೊದಲೂ ಆ ಕೆಲಸದಲ್ಲಿ ಕೈ ಮಸಿ ಮಾಡಿಕೊಂಡವನನ್ನು ಕರೆದು, ಎಷ್ಟು ದೊಡ್ಡ ಅಧಿಕಾರಿ ಎದುರಿಗಿದ್ದರೂ, ಇದರ ಬಗ್ಗೆ ನಿನಗೇನು ಗೊತ್ತು ಅಂತ ಕೇಳಿದೆ. ಕೆಟ್ಟ ಸುದ್ದಿ ಇದ್ದರೆ ಅವತ್ತೇ ಅವನಿಗೆ ಹೇಳಿದೆ. ನಾನು ನಿವೃತ್ತನಾದ ದಿನ ಎಲ್ಲರೂ ಅದನ್ನೇ ಹೇಳಿ ಹೊಗಳಿದರು. ಇಂಥ ಸಾಹೇಬರು ಸಿಗುವುದಿಲ್ಲ, ಫಿಟ್ಟರನ ಮಾತಿಗೂ ಬೆಲೆ ಕೊಡುತ್ತಿದ್ದರು ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಅಂತ ತಿಳಿದರು.