ನಾನು ತಿರುಗಿಸಿದ ಬೀಗದಕೈ ಗೊಂಚಲು

೨೦೦೫ರಲ್ಲಿ ನಾನು ಜೋಗುಪಾಳ್ಯದ ಒಂದು ಕ್ಲಿನಿಕ್ಕಿನಲ್ಲಿ ಕ್ಯಾಮೆರಾ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅದಕ್ಕೆ ಮೊದಲು ಹದಿನೆಂಟು ವರ್ಷ ಶಿವಾಜಿನಗರದ ಸ್ಟುಡಿಯೋ ಒಂದರಲ್ಲಿ ಮಕ್ಕಳ ಫೋಟೊ ತೆಗೆದವನು. ನಮ್ಮ ಡಾಕ್ಟರಮ್ಮ ಜ್ವರ, ಕೆಮ್ಮು ನೋಡುವ ಫ್ಯಾಮಿಲಿ ಡಾಕ್ಟರು. ಆಟಿಸಂ ಇರಬಹುದೆಂಬ ಅನುಮಾನ ಬಂದ ಮಕ್ಕಳನ್ನು ತಿಂಗಳಿಗೊಮ್ಮೆ ವಿಡಿಯೊ ಮೂಲಕ ದೂರದ ಊರಿನ ತಜ್ಞರಿಗೆ ತೋರಿಸುತ್ತಿದ್ದರು. ಲೈನ್ ನಿಧಾನ, ಚಿತ್ರ ತಡೆದು ತಡೆದು ಬರುತ್ತಿತ್ತು. ಒಂದು ಮಗುವಿಗೆ ಇಪ್ಪತ್ತು ನಿಮಿಷ.

ರಾಮಮೂರ್ತಿ ನಗರದಿಂದ ಸರೋಜ ಎಂಬಾಕೆ ಮೂರು ವರ್ಷದ ಮಗಳು ಪವಿತ್ರಾಳನ್ನು ಕರೆತಂದಳು. ಮಗುವಿಗೆ ಮಾತು ಬಂದಿರಲಿಲ್ಲ.

"ಹೆಸರು ಹಿಡಿದು ಕರೀರಿ" ಎಂದರು ತಜ್ಞರು. ಕರೆದರೆ ಮಗು ತಿರುಗುತ್ತದೆಯೇ ಎಂಬುದು ಅವರು ನೋಡುವ ಮುಖ್ಯ ಗುರುತುಗಳಲ್ಲಿ ಒಂದು. ಸರೋಜ ಎರಡು ಸಲ ಕರೆದಳು. ಮಗು ತನ್ನ ಚಪ್ಪಲಿಯ ಪಟ್ಟಿಯನ್ನೇ ನೋಡುತ್ತಿತ್ತು. ಮೂರನೆಯ ಸಲ ಕರೆದಾಗ ನನ್ನ ಕೈ ಸುಮ್ಮನಿರಲಿಲ್ಲ. ಸ್ಟುಡಿಯೋದ ಅಭ್ಯಾಸ. ಕ್ಯಾಮೆರಾ ಹಿಂದೆ ನಿಂತು, ಸದ್ದಾಗದಂತೆ, ಜೇಬಿನಲ್ಲಿದ್ದ ಬೀಗದಕೈ ಗೊಂಚಲನ್ನು ತೆಗೆದು ಬೆರಳಿನಲ್ಲಿ ತಿರುಗಿಸಿದೆ. ಪವಿತ್ರ ತಟ್ಟನೆ ತಲೆಯೆತ್ತಿ ನೇರವಾಗಿ ನೋಡಿದಳು. ನಕ್ಕಳು ಕೂಡ.

"ಚೆನ್ನಾಗಿ ನೋಡ್ತಾಳಲ್ಲ! ಮಾತು ತಡ, ಅಷ್ಟೆ. ಎಂಟು ತಿಂಗಳು ಬಿಟ್ಟು ನೋಡೋಣ" ಎಂದರು ತಜ್ಞರು.

ಲೈನ್ ಕಟ್ಟಾದ ಮೇಲೆ ಸರೋಜ ನನ್ನ ಹತ್ತಿರ ಬಂದಳು. "ಅಣ್ಣ, ಮನೇಲಿ ನೂರು ಸಲ ಕರೆದ್ರೂ ನೋಡಲ್ಲ. ಇವತ್ತೇನಾಯ್ತು ಇವಳಿಗೆ?"

"ಕ್ಯಾಮೆರಾ ಸುಳ್ಳು ಹೇಳುತ್ತೇನಮ್ಮ? ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದುಬಿಟ್ಟೆ. ಮಾಡಿದ್ದು ನನಗೆ ಗೊತ್ತಿತ್ತು. ಹೇಳಿದರೆ ಕೆಲಸ ಹೋದೀತೆಂಬ ಭಯ ಬಾಯಿ ಕಟ್ಟಿತು.

ಎಂಟು ತಿಂಗಳ ನಂತರ ಅವರು ಮತ್ತೆ ಬಂದರು. ಗೊಂಚಲು ಜೇಬಿನಲ್ಲೇ ಇತ್ತು. ಸರೋಜ ಆರು ಸಲ ಕರೆದಳು, ಮಗು ತಿರುಗಲಿಲ್ಲ.

ತಜ್ಞರ ದನಿ ಬದಲಾಯಿತು. "ಹೋದ ಸಲ ನೋಡಿದ್ದಳು. ಬಂದಿದ್ದು ಹೋಗಿದೆ ಅಂದ್ರೆ ಬೇರೇನೋ ಕಾಯಿಲೆ ಇರಬಹುದು. ಮಗೂಗೆ ಔಷಧಿ ಕೊಟ್ಟು ಮಲಗಿಸಿ ಮೆದುಳಿನ ಪರೀಕ್ಷೆ ಮಾಡಿಸ್ಬೇಕು."

ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಸರೋಜ ಮಗುವಿನ ತಲೆಯನ್ನು ಎದೆಗೊತ್ತಿಕೊಂಡು, "ನಾನೇನಾದ್ರೂ ಮಾಡ್ಬಿಟ್ನಾ ಡಾಕ್ಟ್ರೇ? ಜ್ವರದ ಮಾತ್ರೆ ಜಾಸ್ತಿ ಕೊಟ್ಬಿಟ್ನಾ?" ಎಂದಳು.

ಗಡಿಯಾರ ನೋಡಿದೆ. ಉಳಿದದ್ದು ನಾಲ್ಕು ನಿಮಿಷ. ಗೊಂಚಲನ್ನು ಹೊರತೆಗೆದು ಲೆನ್ಸಿನ ಮುಂದೆ ಹಿಡಿದೆ. "ಸಾರ್, ಅವತ್ತು ಮಗು ನೋಡಿದ್ದು ಇದನ್ನ. ತಿರುಗಿಸಿದ್ದು ನಾನು." ಮತ್ತೊಮ್ಮೆ ತಿರುಗಿಸಿದೆ. ಪವಿತ್ರ ತಾಯಿಯ ತೋಳಿನಿಂದ ಕತ್ತು ಹೊರಳಿಸಿ ನೋಡಿ, ಅದೇ ನಗು ನಕ್ಕಳು.

ಆ ನಿಧಾನದ ಲೈನಿನಲ್ಲಿ ತಜ್ಞರ ಉತ್ತರ ತಡೆದು ತಡೆದು ಬಂತು.

"ಹಾಗಾದ್ರೆ ಆ ಪರೀಕ್ಷೆ ಬೇಡ. ಇದು ಆಟಿಸಮ್ಮೇ ಅನ್ಸುತ್ತೆ. ಮಗೂಗೆ ಮಾತಿನ ತರಬೇತಿ ಈಗ್ಲೇ ಶುರು ಮಾಡಿ. ಎಂಟು ತಿಂಗಳು ಹಾಳಾಯ್ತಲ್ರೀ!"

ಡಾಕ್ಟರಮ್ಮ ಚೀಟಿ ಹರಿದರು. ಸರೋಜ ನನ್ನನ್ನು ಬೈಯಲಿಲ್ಲ. "ಕ್ಯಾಮೆರಾ ಸುಳ್ಳು ಹೇಳಲ್ಲ ಅಂದ್ರಲ್ಲಣ್ಣ" ಎಂದಳು, ಅಷ್ಟೆ.

ಕೆಲಸ ಹೋಗಲಿಲ್ಲ. ಮುಂದಿನ ತಿಂಗಳಿನಿಂದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ನನ್ನೆರಡು ಕೈಯೂ ತಜ್ಞರಿಗೆ ಕಾಣುವಂತೆ ಮೇಜಿನ ಮೇಲಿಟ್ಟು ಕೂರುತ್ತಿದ್ದೆ. ಸ್ಟುಡಿಯೋದಲ್ಲಿ ಮಗು ನೋಡುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಇಲ್ಲಿ, ಮಗು ನೋಡದಿದ್ದರೆ ನೋಡಲಿಲ್ಲವೆಂದೇ ತೋರಿಸಬೇಕಿತ್ತು. ಇಷ್ಟನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಪವಿತ್ರಾಳದ್ದಾಗಿತ್ತು.